ಮೈಗೆ ಒಪ್ಪುವ ಬಟ್ಟೆ: ಲೆಕ್ಕ ಹೆಗಲಿನಿಂದ ಶುರು

ಬೆಂಗಳೂರಿನ ಚಿಕ್ಕಪೇಟೆಯ ಸೀರೆ ಅಂಗಡಿಗಳಲ್ಲಿ ಮದುವೆ ಜವಳಿ ತೆಗೆಯುವ ದಿನ ಬಿಳಿ ಹಾಸಿನ ಮೇಲೆ ಸೀರೆಗಳ ರಾಶಿ ಏರುತ್ತಲೇ ಇರುತ್ತದೆ. ಬಂದವರ ಕಣ್ಣು ಒಂದು ಸೀರೆಯ ಮೇಲೆ ನಿಂತಿತೆಂದು ಗೊತ್ತಾದದ್ದೇ ತಡ, ಅಂಗಡಿಯ ಹುಡುಗ ಎದ್ದು, ಪ್ಯಾಂಟು ಶರ್ಟಿನ ಮೇಲೆಯೇ ಅದನ್ನು ಸುತ್ತಿಕೊಂಡು, ಸರಸರನೆ ನಾಲ್ಕು ನೆರಿಗೆ ಹಿಡಿದು, ಸೆರಗನ್ನು ಎಡ ಹೆಗಲ ಮೇಲೆ ಹಾಕಿ ತೋರಿಸುತ್ತಾನೆ. “ನೋಡಿ ಅಮ್ಮಾ, ಎಷ್ಟು ಗ್ರ್ಯಾಂಡಾಗಿ ಕಾಣುತ್ತೆ!” ಮೀಸೆ ಹೊತ್ತ ಮುಖದ ಕೆಳಗೆ ಸೀರೆ ನಿಜಕ್ಕೂ ಚಂದವಾಗಿಯೇ ಇಳಿದಿರುತ್ತದೆ. ಇಳಿಯದೆ ಏನು? ಅವನ ಹೆಗಲು ಅಗಲ, ಹೊಟ್ಟೆ ಚಪ್ಪಟೆ, ಸೊಂಟದ ಕೆಳಗೆ ಉಬ್ಬಿಲ್ಲ. ಗೋಡೆಗೆ ತೂಗುಹಾಕಿದ ಹಾಗೆ ಯಾವ ಸೀರೆಯಾದರೂ ಅಲ್ಲಿ ನೆಟ್ಟಗೆ ಬೀಳುತ್ತದೆ. ಮನೆಗೆ ತಂದು ಉಟ್ಟ ಮೇಲೆ “ಅಂಗಡೀಲಿ ಹೀಗಿರಲಿಲ್ವಲ್ಲ” ಎಂಬ ಪೇಚಾಟ.

ಕಣ್ಣಿಗೆ ಕಾಣಬೇಕಾದ ಬಟ್ಟೆಯನ್ನು ಕಿವಿಗೆ ವಿವರಿಸುವುದು ಬಾನುಲಿಗೆ ಕಷ್ಟದ ಕೆಲಸವೇ. ಆದರೆ ಒಂದು ಅನುಕೂಲವೂ ಉಂಟು. ತೆಳ್ಳಗಿನ ಮಾಡೆಲ್ ಹುಡುಗಿಯ ಚಿತ್ರ ತೋರಿಸಿ ಇಲ್ಲಿ ಯಾರನ್ನೂ ಮರುಳು ಮಾಡಲಾಗುವುದಿಲ್ಲ. ಕೇಳುವವರು ತಮ್ಮ ತಮ್ಮ ಮೈಕಟ್ಟನ್ನೇ ಮನಸ್ಸಿಗೆ ತಂದುಕೊಳ್ಳಬೇಕು.

ಮೈಕಟ್ಟಿಗೆ ತಕ್ಕ ಉಡುಪು ಎಂದೊಡನೆ ಫ್ಯಾಷನ್ ಪತ್ರಿಕೆಗಳು ಹಣ್ಣಿನ ಬುಟ್ಟಿ ತೆರೆಯುತ್ತವೆ. ಹೊಟ್ಟೆಯ ಭಾಗ ತುಂಬಿದ್ದರೆ ಸೇಬು, ಸೊಂಟದ ಕೆಳಗೆ ಅಗಲವಿದ್ದರೆ ಪಿಯರ್, ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಇದ್ದರೆ ಆಯತ, ಹೆಗಲು ಅಗಲವಾಗಿ ಕೆಳಗೆ ಕಿರಿದಾದರೆ ತಲೆಕೆಳಗಾದ ತ್ರಿಕೋನ. ಇವೆಲ್ಲಕ್ಕೂ ಮಹಾರಾಣಿ ಎಂಬಂತೆ ಕೊನೆಗೆ ಬರುವುದು ಮರಳುಗಡಿಯಾರ. ಎದೆ ಮತ್ತು ಪೃಷ್ಠ ಸಮ, ನಡು ಸಣ್ಣ. ಉಳಿದ ಎಲ್ಲರೂ ಬಟ್ಟೆಯ ಜಾಣತನದಿಂದ ಈ ಆಕಾರದ ಹಾಗೆ ಕಾಣಲು ಹೆಣಗಬೇಕು ಎನ್ನುವುದು ಆ ಪತ್ರಿಕೆಗಳ ಒಳಮಾತು. ಆದರೆ ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಜವಳಿ ತಜ್ಞರು 2000ದ ದಶಕದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಹಿಳೆಯರ ಮೈ ಅಳತೆಗಳನ್ನು ವಿಂಗಡಿಸಿ ನೋಡಿದಾಗ ಮರಳುಗಡಿಯಾರದ ಗುಂಪಿಗೆ ಸೇರಿದವರು ಶೇ 8ರಷ್ಟು ಮಾತ್ರ. ಶೇ 46ರಷ್ಟು ಮಂದಿ ಆಯತದ ಗುಂಪಿನವರು. ನೂರರಲ್ಲಿ ಎಂಟು ಜನರಿಗಿರುವ ಮೈಕಟ್ಟನ್ನು ಮಾದರಿ ಮಾಡಿಕೊಂಡು ಹೊಲಿದ ಬಟ್ಟೆ ಉಳಿದವರಿಗೆ ಸರಿಹೋಗದಿದ್ದರೆ ತಪ್ಪು ಯಾರದು?

ಸಿದ್ಧ ಉಡುಪಿನ ಅಳತೆ ಹುಟ್ಟಿದ ಕಥೆ ಕೇಳಿದರೆ ಅನುಮಾನ ಇನ್ನೂ ಹೆಚ್ಚುತ್ತದೆ. ಅಮೆರಿಕದ ಕೃಷಿ ಇಲಾಖೆಗೆ ಸೇರಿದ ಗೃಹ ಅರ್ಥಶಾಸ್ತ್ರ ವಿಭಾಗದ ರೂತ್ ಓಬ್ರಿಯನ್ ಮತ್ತು ವಿಲಿಯಂ ಶೆಲ್ಟನ್ 1939-40ರಲ್ಲಿ ಸುಮಾರು 15,000 ಮಹಿಳೆಯರನ್ನು ಅಳೆಸಿದರು. ಒಬ್ಬೊಬ್ಬರಿಂದ 59 ಅಳತೆ. 1941ರಲ್ಲಿ ವರದಿ ಅಚ್ಚಾಯಿತು. ಅಳತೆ ಕೊಡಲು ಬಂದವರು ಸ್ವಯಂಸೇವಕರು, ಲೆಕ್ಕಕ್ಕೆ ಹಿಡಿದದ್ದು ಬಿಳಿಯ ಮಹಿಳೆಯರನ್ನು ಮಾತ್ರ. ಇದರ ಬುನಾದಿಯ ಮೇಲೆ 1958ರಲ್ಲಿ ಅಲ್ಲಿನ ಸರ್ಕಾರ ಅಳತೆಯ ಮಾನಕವೊಂದನ್ನು ಹೊರಡಿಸಿತು. 1983ರ ಹೊತ್ತಿಗೆ ಅದನ್ನು ಹಿಂತೆಗೆದುಕೊಂಡದ್ದೂ ಆಯಿತು. ಆಮೇಲೆ ಕಂಪನಿಗೊಂದು ಅಳತೆ. ಭಾರತಕ್ಕೆ ತನ್ನದೇ ಆದ ಅಳತೆ ಪಟ್ಟಿ ಬೇಕೆಂದು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, ಅಂದರೆ ನಿಫ್ಟ್, 25,000 ಜನರನ್ನು ಅಳೆಯುವ ಯೋಜನೆ ಪ್ರಕಟಿಸಿದ್ದು 2018ರಲ್ಲಿ. ಭಾರತದ ಮಹಿಳೆಯ ಸರಾಸರಿ ಎತ್ತರ 152 ಸೆಂಟಿಮೀಟರ್, ಐದಡಿಯ ಆಸುಪಾಸು. ಪರದೇಶದ ಪಟ್ಟಿ ನೋಡಿ ಕತ್ತರಿಸಿದ ಕುರ್ತಾದ ನಡು ಅವಳ ಸೊಂಟದ ಮೇಲೆ ಬಂದು ಕೂರುವುದು ಹೀಗೆ. ಒಂದು ಅಂಗಡಿಯಲ್ಲಿ ‘ಎಂ’ ಹಿಡಿಸಿದವಳಿಗೆ ಪಕ್ಕದ ಅಂಗಡಿಯಲ್ಲಿ ‘ಎಕ್ಸೆಲ್’ ಬೇಕಾದರೆ ಆ ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಅವಳೇನೂ ದಪ್ಪಗಾಗಿರುವುದಿಲ್ಲ.

ಹಾಗಾಗಿ ಹಣ್ಣಿನ ಹೆಸರು, ಚೀಟಿಯ ಮೇಲಿನ ಅಕ್ಷರ ಎರಡನ್ನೂ ಬದಿಗಿಟ್ಟು ಅನುಭವಸ್ಥ ಟೈಲರ್ ಮೊದಲು ಎಲ್ಲಿ ಕಣ್ಣು ಹಾಯಿಸುತ್ತಾನೆ ಎಂದು ನೋಡುವುದು ಲೇಸು. ಅವನು ನೋಡುವುದು ಹೆಗಲನ್ನು. ಸೀರೆಯ ಸೆರಗಾಗಲಿ, ಕುರ್ತಾ ಆಗಲಿ, ಬಟ್ಟೆ ಜೋತುಬೀಳುವುದೇ ಅಲ್ಲಿಂದ. ಹೆಗಲಿನ ಹೊಲಿಗೆ ಹೆಗಲ ಮೂಳೆ ಮುಗಿಯುವ ತುದಿಯಲ್ಲೇ ಕೂರಬೇಕು. ಅರ್ಧ ಇಂಚು ಹೊರಗೆ ಜಾರಿದರೆ ಬಟ್ಟೆ ಅಕ್ಕನದನ್ನು ತಂಗಿ ಹಾಕಿಕೊಂಡಂತೆ ಕಾಣುತ್ತದೆ, ಒಳಗೆ ಸರಿದರೆ ತೋಳು ಉಬ್ಬುತ್ತದೆ. ಪಕ್ಕೆಯನ್ನು ಒಳಕ್ಕೆ ಹಿಡಿಯಬಹುದು, ಉದ್ದ ಕಡಿಮೆ ಮಾಡಬಹುದು. ಹೆಗಲು ಸರಿಯಿಲ್ಲದ ಸಿದ್ಧ ಉಡುಪನ್ನು ಸರಿಮಾಡುವುದೆಂದರೆ ತೋಳು ಬಿಚ್ಚಿ ಮತ್ತೆ ಕೂರಿಸುವ ಕೆಲಸ. ಅಂಥದ್ದನ್ನು ಎಷ್ಟೇ ರಿಯಾಯಿತಿ ಕೊಟ್ಟರೂ ಅಲ್ಲೇ ಬಿಟ್ಟು ಬರುವುದು ವಾಸಿ.

ಹೆಗಲು ಇಳಿಜಾರಾಗಿ ಕಿರಿದಾಗಿದ್ದವರು ಬೆನ್ನ ಕಡೆ ಅಗಲವಾಗಿ ತೆರೆದ ಬ್ಲೌಸ್ ಹೊಲಿಸಿದರೆ ದಿನವಿಡೀ ಅದನ್ನು ಮೇಲಕ್ಕೆ ಎಳೆದುಕೊಳ್ಳುವುದೇ ಕೆಲಸ. ಹಿಂದೆ ದಾರ ಕಟ್ಟುವುದು ಸೊಗಸಿಗೆ ಎಂದು ತಿಳಿದವರುಂಟು. ಮೇಲೆ ಕಟ್ಟಿದ ಆ ದಾರ ಎರಡೂ ಹೆಗಲುಗಳನ್ನು ಜಾರದಂತೆ ಹಿಡಿದಿಡುತ್ತದೆ. ಇಂಥವರಿಗೆ ಬೋಟ್ ನೆಕ್, ತೋಳಿನ ಮೇಲೆ ಸಣ್ಣ ಪಫ್ ಒಪ್ಪುತ್ತದೆ, ಸೊಂಟದ ಕೆಳಗಿನ ಅಗಲಕ್ಕೆ ಮೇಲೊಂದು ಸಮತೂಕ ಸಿಗುತ್ತದೆ. ಅಗಲ ಹೆಗಲಿನವರಿಗೆ ಅದೇ ಪಫ್ ಬೇಡ. ಅವರಿಗೆ ವಿ ಆಕಾರದ ಕತ್ತು ಚಂದ. ಗಿಡ್ಡ ಕತ್ತಿನವರಿಗೂ ವಿ ನೆಕ್ ಅಥವಾ ಆಳದ ಯು ನೆಕ್ ಸರಿಹೋಗುತ್ತದೆ. ಕೊರಳು ನೀಳವಾಗಿದ್ದವರು ಕಾಲರ್ ಬ್ಲೌಸನ್ನು ಧೈರ್ಯವಾಗಿ ಹೊಲಿಸಬಹುದು.

ಬ್ಲೌಸಿನ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಸೀರೆ ಯಾರ ಮೈಗಾದರೂ ಹೊಂದಿಕೊಳ್ಳುತ್ತದೆ, ಬ್ಲೌಸಿಗೆ ಆ ಉದಾರತೆ ಇಲ್ಲ. ಊರೂರಿನ ಟೈಲರ್ ಅಂಗಡಿಗಳಲ್ಲೂ ನಡೆಯುವ ಮಾತುಕತೆ ಒಂದೇ.

“ಅಳತೆ ಬ್ಲೌಸ್ ತಂದಿದ್ದೀರಾ ಮೇಡಂ?”

“ತಂದಿದ್ದೀನಿ. ಆದ್ರೆ ಇದು ಕಂಕುಳಲ್ಲಿ ಎಳೆಯುತ್ತೆ, ಕೈ ಎತ್ತಿದ್ರೆ ಇಡೀ ಬ್ಲೌಸೇ ಮೇಲೆ ಬರುತ್ತೆ.”

“ಹಂಗಾದ್ರೆ ಕಂಕುಳಲ್ಲಿ ಲೂಸ್ ಕೊಡ್ತೀನಿ ಬಿಡಿ.”

ರೋಗ ಹೆಚ್ಚುವುದು ಇಲ್ಲೇ. ತೋಳು ಕೂರಿಸುವ ಆರ್ಮ್‌ಹೋಲ್ ಕೆಳಕ್ಕೆ ಇಳಿದಷ್ಟೂ ತೋಳು ಪಕ್ಕೆಗೆ ಕಟ್ಟಿಹಾಕಿದಂತಾಗಿ ಕೈ ಎತ್ತಿದಾಗ ಬ್ಲೌಸನ್ನು ಪೂರಾ ಎಳೆದುಕೊಂಡು ಬರುತ್ತದೆ. ಆರ್ಮ್‌ಹೋಲ್ ಕಂಕುಳಿಗೆ ಹತ್ತಿರವಾಗಿ, ಮೇಲೆಯೇ ಕೂತರೆ ಕೈ ಸಲೀಸಾಗಿ ಆಡುತ್ತದೆ. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಲ್ಲುವವರಿಗೆ, ಕಪ್ಪು ಹಲಗೆಯ ಮೇಲೆ ಬರೆಯುವ ಟೀಚರ್‌ಗಳಿಗೆ ಇದು ದಿನನಿತ್ಯದ ಪ್ರಶ್ನೆ. ಅಳತೆ ಬ್ಲೌಸಿಗೆ ಇನ್ನೊಂದು ದೋಷವಿದೆ. ಐದು ವರ್ಷದ ಹಿಂದೆ ಹೊಲಿಸಿ, ಎರಡು ಸಲ ಬಿಚ್ಚಿ, ಒಗೆದು ಒಗೆದು ಹಿಗ್ಗಿದ ಬ್ಲೌಸನ್ನು ಅಳತೆಗೆ ಕೊಟ್ಟರೆ ಅದರ ತಪ್ಪುಗಳನ್ನೂ ಟೈಲರ್ ನಿಷ್ಠೆಯಿಂದ ನಕಲು ಮಾಡುತ್ತಾನೆ. ಟೇಪು ಹಿಡಿದು ಹೊಸದಾಗಿ ಮೈ ಅಳೆಸಿಕೊಳ್ಳಲು ಸಂಕೋಚವೆನ್ನಿಸಿದರೆ ಹೆಂಗಸರೇ ನಡೆಸುವ ಹೊಲಿಗೆ ಅಂಗಡಿಗಳು ಈಗ ಸಣ್ಣ ಊರುಗಳಲ್ಲೂ ಇವೆ.

ಎದೆಯ ಭಾಗ ತುಂಬಿಕೊಂಡವರಿಗೆ ಸಾದಾ ಡಾಟ್ ಬ್ಲೌಸಿಗಿಂತ ಪ್ರಿನ್ಸೆಸ್ ಕಟ್ ಅಥವಾ ಕಟೋರಿ ಕಟ್ ಒಳ್ಳೆಯದು. ಪ್ರಿನ್ಸೆಸ್ ಕಟ್‌ನಲ್ಲಿ ಮೇಲಿನಿಂದ ಕೆಳಗಿನವರೆಗೆ ಓಡುವ ಒಂದೇ ಹೊಲಿಗೆ ಮೈಯ ತಿರುವನ್ನು ಅನುಸರಿಸುತ್ತದೆ, ಕಟೋರಿಯಲ್ಲಿ ಬಟ್ಟಲಿನಂತೆ ಕತ್ತರಿಸಿದ ತುಂಡು ಎದೆಗೆ ಆಧಾರ ಕೊಡುತ್ತದೆ. ಡಾಟ್ ಹಿಡಿಸುವುದಾದರೆ ಅದರ ಮೊನೆ ಎದೆಯ ತುದಿಗಿಂತ ಅರ್ಧ ಇಂಚಾದರೂ ಹಿಂದೆಯೇ ನಿಲ್ಲಬೇಕು. ಅದನ್ನು ದಾಟಿದರೆ ಕೋನ ಎದ್ದು ಕಾಣುತ್ತದೆ. ಎದೆ ಸಪಾಟಾಗಿದ್ದವರಿಗೆ ಮುಂದೆ ಸಣ್ಣ ನೆರಿಗೆ, ಕುಸುರಿ, ಗುಳೇದಗುಡ್ಡದ ಖಣದಂಥ ಗಟ್ಟಿ ನೇಯ್ಗೆಯ ಬಟ್ಟೆ ಸೊಗಸು ಕೊಡುತ್ತದೆ. ಇನ್ನು ತೋಳು. ರಟ್ಟೆ ಎಲ್ಲಿ ಅತಿ ಅಗಲವೋ ಸರಿಯಾಗಿ ಅಲ್ಲೇ ತೋಳು ಮುಗಿದರೆ ನೋಡುವವರ ಕಣ್ಣು ಆ ಗೆರೆಯ ಮೇಲೆಯೇ ನಿಲ್ಲುತ್ತದೆ. ಎರಡು ಇಂಚು ಇಳಿಸಿ, ಮೊಣಕೈಗೆ ತುಸು ಮೇಲೆ ನಿಲ್ಲಿಸಿದರೆ ಅದೇ ರಟ್ಟೆ ಸಣ್ಣಗೆ ಕಾಣುತ್ತದೆ.

ಅಂಚು, ತೋಳು, ಕುರ್ತಾದ ಕೊನೆ, ದುಪಟ್ಟಾದ ಮಡಿಕೆ, ಇವೆಲ್ಲ ಮೈಮೇಲೆ ಎಳೆದ ಗೆರೆಗಳು. ಗೆರೆ ಎಲ್ಲಿ ಮುಗಿಯುತ್ತದೋ ಕಣ್ಣು ಅಲ್ಲಿ ತಂಗುತ್ತದೆ. ಪೃಷ್ಠದ ಅಗಲವಾದ ಜಾಗದಲ್ಲೇ ಮುಗಿಯುವ ಗಿಡ್ಡ ಕುರ್ತಿ, ಹೊಟ್ಟೆಯ ಮೇಲಿನಿಂದಲೇ ಸೀಳಿಕೊಂಡ ಸ್ಲಿಟ್ ಕೈತೋರಿಸುವುದು ಯಾವುದನ್ನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಸ್ಲಿಟ್ ಸೊಂಟದ ಮೂಳೆಗಿಂತ ಕೆಳಗೆ ತೆರೆದರೆ ಕೂತಾಗಲೂ ಮರ್ಯಾದೆ, ನಿಂತಾಗಲೂ ನೀಳ. ಐದಡಿಯ ಹುಡುಗಿಗೆ ಹನ್ನೆರಡು ಇಂಚಿನ ದೊಡ್ಡ ಜರಿ ಅಂಚಿನ ಸೀರೆ ಉಡಿಸಿದರೆ ಅವಳ ಎತ್ತರದ ಐದನೇ ಒಂದು ಭಾಗವನ್ನು ಅಂಚೇ ನುಂಗುತ್ತದೆ. ಅವಳಿಗೆ ಎರಡು ಮೂರು ಇಂಚಿನ ಅಂಚು, ಸೀರೆಯದೇ ಬಣ್ಣದ ಬ್ಲೌಸ್ ಇದ್ದರೆ ಮೇಲಿನಿಂದ ಕೆಳಗಿನವರೆಗೆ ಬಣ್ಣ ತುಂಡಾಗದೆ ಹರಿಯುತ್ತದೆ. ಎತ್ತರದವಳು ಇಳಕಲ್ ಸೀರೆಯ ಮೇಲೆ ಎದ್ದು ಕಾಣುವ ಬಣ್ಣದ ಖಣದ ಕುಪ್ಪಸ ತೊಟ್ಟು ಮೆರೆಯಬಹುದು. ಹಾಗಂತ ಬಾಗಲಕೋಟೆಯ ಕಡೆಯ ಗಿಡ್ಡನೆಯ ಅಜ್ಜಿಯರು ತಲೆತಲಾಂತರದಿಂದ ಅದನ್ನೇ ಉಟ್ಟು ಚಂದ ಕಂಡಿದ್ದಾರೆ ಎಂಬುದೂ ನಿಜ. ಕಾನೂನು ಪುಸ್ತಕದಂತೆ ಈ ಸಲಹೆಗಳನ್ನು ಓದಬಾರದು.

ಅಡ್ಡಪಟ್ಟೆ ದಪ್ಪ ಕಾಣಿಸುತ್ತದೆ, ಉದ್ದಪಟ್ಟೆ ತೆಳ್ಳಗೆ ಕಾಣಿಸುತ್ತದೆ ಎಂಬ ಮಾತಂತೂ ಎಲ್ಲರ ಬಾಯಲ್ಲೂ ಇದೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಜ್ 1867ರಲ್ಲೇ ಇದಕ್ಕೆ ತಿರುಗಾಮುರುಗಾ ಹೇಳಿದ್ದ. ಅಡ್ಡಗೆರೆ ತುಂಬಿದ ಚೌಕ ಕಣ್ಣಿಗೆ ಎತ್ತರವಾಗಿಯೂ ಕಿರಿದಾಗಿಯೂ ಕಾಣುತ್ತದೆ, ಹೆಂಗಸರ ಉಡುಪಿಗೂ ಇದು ಅನ್ವಯ ಎಂದು ಬರೆದಿದ್ದ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಪೀಟರ್ ಥಾಮ್ಸನ್ ಇದನ್ನು ಪರೀಕ್ಷೆಗಿಟ್ಟು 2008ರಲ್ಲಿ ಫಲಿತಾಂಶ ತಿಳಿಸಿದಾಗ ಪತ್ರಿಕೆಗಳಿಗೆ ಹಬ್ಬ. ಮಹಿಳೆಯರ ಚಿತ್ರಗಳನ್ನು ಜೋಡಿಯಾಗಿ ತೋರಿಸಿದಾಗ, ಇಬ್ಬರೂ ಒಂದೇ ಗಾತ್ರವೆಂದು ಕಾಣಬೇಕಾದರೆ ಅಡ್ಡಪಟ್ಟೆ ತೊಟ್ಟವಳು ಸುಮಾರು ಶೇ 6ರಷ್ಟು ಹೆಚ್ಚು ಅಗಲವಿರಬೇಕಾಯಿತು. ಅಂದರೆ ಅಡ್ಡಪಟ್ಟೆಯೇ ತೆಳ್ಳಗೆ ಕಾಣಿಸಿತ್ತು! ಕಾಗದದ ಮೇಲಿನ ಚಿತ್ರ ಬೇರೆ, ಮೈಮೇಲಿನ ಬಟ್ಟೆ ಬೇರೆ ಎನ್ನುವುದನ್ನೂ ಸೇರಿಸಬೇಕು. ಅಗಲ ಪಟ್ಟೆ ಹೊಟ್ಟೆಯ ಉಬ್ಬಿನ ಮೇಲೆ ಬಾಗಿದರೆ ಭೂಪಟದಂತೆ ಏರುತಗ್ಗನ್ನೆಲ್ಲ ಹೇಳಿಬಿಡುತ್ತದೆ. ಸಣ್ಣ ಪಟ್ಟೆಯ ಭಯ ಮಾತ್ರ ಬೇಡ. ಆದರೆ ಕಪ್ಪು ತೊಟ್ಟರೆ ತೆಳ್ಳಗೆ ಕಾಣುತ್ತಾರೆ ಎಂಬ ಅಜ್ಜಿಯರ ಮಾತು ಗೆದ್ದಿತು. ಒಂದೇ ಗಾತ್ರದ ಬಿಳಿ ಮತ್ತು ಕಪ್ಪು ಆಕೃತಿಗಳಲ್ಲಿ ಬಿಳಿಯದು ಕಣ್ಣಿಗೆ ದೊಡ್ಡದಾಗಿ ಕಾಣುವುದು ದೃಷ್ಟಿವಿಜ್ಞಾನಕ್ಕೆ ಗೊತ್ತಿರುವ ಸಂಗತಿ. ಉತ್ತರ ಕರ್ನಾಟಕದ ಕಪ್ಪು ಒಡಲಿನ ಚಂದ್ರಕಾಳಿ ಸೀರೆ ಉಟ್ಟವರು ತೆಳ್ಳಗೆ ಕಾಣುವುದು ಸುಮ್ಮನೆ ಅಲ್ಲ.

ಬಣ್ಣಕ್ಕಿಂತಲೂ ಹೆಚ್ಚು ಗಮನ ಬೇಡುವುದು ಬಟ್ಟೆ ಬೀಳುವ ಬಗೆ. ಮೈಸೂರು ರೇಷ್ಮೆ ಇದಕ್ಕೆ ಒಳ್ಳೆಯ ಉದಾಹರಣೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಆರಂಭವಾದ ಮೈಸೂರಿನ ಕಾರ್ಖಾನೆ ಇಂದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ, ಅಂದರೆ ಕೆಎಸ್‌ಐಸಿಯ ಕೈಯಲ್ಲಿದೆ. ಅಲ್ಲಿನ ಕ್ರೇಪ್ ಸೀರೆಗೆ ಬಳಸುವುದು ಬಿಗಿಯಾಗಿ ಹುರಿ ಮಾಡಿದ ನೂಲು. ಆ ಹುರಿಯಿಂದಲೇ ಬಟ್ಟೆಗೆ ಸಣ್ಣ ಸುಕ್ಕಿನ ಮೃದುತನ, ನೀರಿನಂತೆ ಜಾರಿ ಇಳಿಯುವ ಗುಣ. ಅದು ಮೈಗೆ ತನ್ನ ಕಡೆಯಿಂದ ದಪ್ಪ ಸೇರಿಸುವುದಿಲ್ಲ. ತುಂಬಿದ ಮೈಯವರು ಅದನ್ನು ಇಷ್ಟಪಡುವುದು ಇದಕ್ಕೇ. ಕಾಂಚೀಪುರದ ಭಾರಿ ರೇಷ್ಮೆಯಾಗಲಿ, ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಆಗಲಿ ಮೈಗೆ ಅಂಟದೆ ದೂರ ನಿಲ್ಲುತ್ತದೆ. ಕಡ್ಡಿಯಂಥ ಹುಡುಗಿಗೆ ಅದು ಮೈತುಂಬಿದ ಚಂದ ಕೊಡುತ್ತದೆ. ಟಿಶ್ಯೂ, ಆರ್ಗಾಂಜಾ ಇನ್ನೂ ಒಂದು ಕೈ ಮೇಲು, ಸೆರಗು ಉಬ್ಬಿಯೇ ನಿಲ್ಲುತ್ತದೆ. ಅಂಗಡಿಯಲ್ಲಿ ಪರೀಕ್ಷೆ ಸುಲಭ. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಎತ್ತಿದಾಗ ಬಟ್ಟೆ ಕೆಳಗೆ ಛತ್ರಿಯಂತೆ ಅರಳಿತೇ ಅಥವಾ ಒಂದೇ ಎಳೆಯಾಗಿ ಇಳಿಯಿತೇ ಎಂದು ನೋಡಿದರೆ ಸಾಕು.

ಸೀರೆಯ ಕಷ್ಟಗಳು ಬಹುಪಾಲು ಹುಟ್ಟುವುದು ಸೊಂಟದಲ್ಲಿ. ಸೀರೆಯ ಪನ್ನ, ಅಂದರೆ ಅಗಲ, ಸಾಮಾನ್ಯವಾಗಿ 45ರಿಂದ 48 ಇಂಚು. ಐದಡಿಯವಳ ಸೊಂಟದಿಂದ ನೆಲಕ್ಕೆ ಅಷ್ಟು ದೂರ ಇರುವುದೇ ಇಲ್ಲ. ಉಳಿದ ಬಟ್ಟೆಯೆಲ್ಲ ಒಳಕ್ಕೆ ತುರುಕಿಕೊಂಡು ಹೊಟ್ಟೆಯ ಮೇಲೆ ಗಂಟಾಗುತ್ತದೆ. ಅದರ ಕೆಳಗೆ ಸುತ್ತಲೂ ನೆರಿಗೆ ಹಿಡಿದ ದಪ್ಪ ಕಾಟನ್ ಲಂಗ, ಲಾಡಿಯ ಗಂಟು. ಹೊಟ್ಟೆ ಇಲ್ಲದವರಿಗೂ ಹೊಟ್ಟೆ ಬರಲು ಇನ್ನೇನು ಬೇಕು? ಹೆಚ್ಚಿನ ಅಗಲವನ್ನು ಮೊದಲೇ ಒಂದೇ ಮಡಿಕೆಯಾಗಿ ಮಡಿಸಿ ಸುತ್ತಲೂ ಹರಡಿದರೆ, ಮೇಲೆ ಸಪಾಟಾಗಿರುವಂತೆ ಕಲಿ (ಕೆಳಗೆ ಅಗಲವಾಗುವ ಪಟ್ಟಿ) ಜೋಡಿಸಿ ಹೊಲಿದ ಲಂಗ ತೊಟ್ಟರೆ ಅರ್ಧ ಸಮಸ್ಯೆ ಕರಗುತ್ತದೆ. ಶೇಪ್‌ವೇರ್ ಎಂದು ಮಾರುವ ಬಿಗಿ ಲಂಗಗಳು ನೆರಿಗೆಯನ್ನು ನೀಟಾಗಿ ಕೂರಿಸುತ್ತವೆ. ಆದರೆ ಅದನ್ನು ತೊಟ್ಟು ಬಸ್ಸಿನ ಮೆಟ್ಟಿಲು ಹತ್ತುವ ಪಾಡು ಮಾರುವವರಿಗೆ ತಿಳಿಯದು.

ಸೊಂಟದ ಸುತ್ತಳತೆ ಹೆಚ್ಚಿದ್ದರೆ ಸುತ್ತುವುದಕ್ಕೇ ಬಟ್ಟೆ ಖರ್ಚಾಗಿ ನೆರಿಗೆಗೆ ಉಳಿಯುವುದು ಎರಡೋ ಮೂರೋ. ಆಗ ಸೀರೆ ಗಿಡ್ಡ ಬಂದಂತೆ ಕಾಣುತ್ತದೆ. ಜೊತೆಗೆ ಬರುವ ಬ್ಲೌಸ್ ಪೀಸನ್ನು ಕತ್ತರಿಸದೆ ಬಿಟ್ಟು, ಬ್ಲೌಸಿಗೆ ಬೇರೆ ಬಟ್ಟೆ ತೆಗೆದುಕೊಂಡರೆ ಮುಕ್ಕಾಲು ಮೀಟರಿನಷ್ಟು ಉದ್ದ ಸಿಕ್ಕಿ ನೆರಿಗೆ ತುಂಬಿಕೊಳ್ಳುತ್ತದೆ. ಕೊಡಗಿನ ಹೆಂಗಸರು ಈ ತಾಪತ್ರಯವನ್ನು ಬೇರೆಯದೇ ರೀತಿಯಲ್ಲಿ ಬಗೆಹರಿಸಿಕೊಂಡಿದ್ದಾರೆ. ಅವರ ನೆರಿಗೆ ಬೆನ್ನ ಹಿಂದೆ. ಮುಂಭಾಗ ಸಪಾಟಾಗಿ ಉಳಿಯುತ್ತದೆ, ಸೆರಗು ಎದೆಯ ಮೇಲೆ ಹಾದು ಬಲ ಹೆಗಲಿನಲ್ಲಿ ನಿಲ್ಲುತ್ತದೆ. ಕಾವೇರಿ ನದಿಯಾಗಿ ಹರಿದ ರಭಸಕ್ಕೆ ನೆರಿಗೆ ಹಿಂದಕ್ಕೆ ತಿರುಗಿತು ಎಂಬುದು ಅಲ್ಲಿನ ಐತಿಹ್ಯ. ಹೊಟ್ಟೆಯ ಮೇಲೆ ಬಟ್ಟೆಯ ರಾಶಿ ಬೇಡವೆನ್ನುವ ಯಾರಿಗೂ ಆ ಉಡಿಗೆ ಅನುಕೂಲ. ಸೀರೆ ಉಡುವ 108 ಬಗೆಗಳನ್ನು ಜವಳಿ ಸಂಶೋಧಕಿ ರೀತಾ ಕಪೂರ್ ಚಿಶ್ತಿ ದಾಖಲಿಸಿದ್ದಾರೆ. ನಗರದವರು ಅವುಗಳಲ್ಲಿ ಒಂದಕ್ಕೇ ಗಂಟುಬಿದ್ದು, ಅದು ತಮಗೆ ಒಪ್ಪುವುದಿಲ್ಲವೆಂದು ಸೀರೆಯನ್ನೇ ದೂರುತ್ತಾರೆ.

ಕುರ್ತಾ, ಸಲ್ವಾರಿನ ಮಾತು ಇಷ್ಟು ಉದ್ದ ಬೇಕಿಲ್ಲ. ಪೃಷ್ಠ ಅಗಲವಿದ್ದವರಿಗೆ ಎ ಲೈನ್ ಕುರ್ತಾ ಹೆಗಲಿನಿಂದ ಕೆಳಕ್ಕೆ ನಿಧಾನವಾಗಿ ಅಗಲವಾಗುತ್ತಾ ಆ ಜಾಗವನ್ನು ಸದ್ದಿಲ್ಲದೆ ದಾಟಿಸುತ್ತದೆ. ಆ ಹೆಸರನ್ನು ಚಾಲ್ತಿಗೆ ತಂದದ್ದು ಪ್ಯಾರಿಸಿನ ಕ್ರಿಶ್ಚಿಯನ್ ಡಿಯೋರ್, 1955ರ ಸಂಗ್ರಹದಲ್ಲಿ. ಇದೇ ಡಿಯೋರ್ 1947ರಲ್ಲಿ ಸಣ್ಣ ನಡು, ತುಂಬಿದ ಸೊಂಟದ ಉಡುಪು ತೋರಿಸಿ ಜಗತ್ತನ್ನು ಬೆರಗುಗೊಳಿಸಿದಾಗ ಜಾಕೆಟ್ಟಿನ ಒಳಗೆ ಸೊಂಟಕ್ಕೆ ಪ್ಯಾಡ್ ಇಟ್ಟಿದ್ದರು. ಹುಟ್ಟಿನಿಂದ ಬಂದ ಮರಳುಗಡಿಯಾರ ಅಲ್ಲೂ ಇರಲಿಲ್ಲ. ಹೊಟ್ಟೆಯ ಭಾಗ ತುಂಬಿದವರಿಗೆ ಎದೆಯ ಕೆಳಗಿನಿಂದಲೇ ಘೇರು ಬಿಡುವ ಅನಾರ್ಕಲಿ ಹಿತ. ‘ಮೊಘಲ್-ಎ-ಆಜಮ್’ ಚಿತ್ರದಲ್ಲಿ (1960) ಮಧುಬಾಲಾ ವಹಿಸಿದ ಪಾತ್ರದ ಹೆಸರನ್ನೇ ಹೊತ್ತ ಉಡುಪು ಅದು. ಆದರೆ ಘೇರಿಗೂ ಮಿತಿ ಬೇಕು, ಗಿಡ್ಡ ಇರುವವರು ದೊಡ್ಡ ಘೇರಿನೊಳಗೆ ಮುಳುಗಿಹೋಗುತ್ತಾರೆ. ಆಯತದ ಮೈಕಟ್ಟಿನವರಿಗೆ ನೇರ ಕುರ್ತಾದಷ್ಟು ಚೆನ್ನಾಗಿ ಇನ್ನೊಂದು ಒಪ್ಪಲಾರದು. ನಡು ಕಾಣಿಸಲೇಬೇಕೆಂದರೆ ಬೆಲ್ಟ್ ಇದೆ, ಇಲ್ಲದಿದ್ದರೂ ನಷ್ಟವಿಲ್ಲ. ಟ್ರಯಲ್ ರೂಮಿನಲ್ಲಿ ಕನ್ನಡಿಯ ಮುಂದೆ ನೆಟ್ಟಗೆ ನಿಂತು ಉಸಿರು ಬಿಗಿಹಿಡಿದು ನೋಡಿದರೆ ಎಲ್ಲವೂ ಸರಿಯೇ. ಒಮ್ಮೆ ಕೂತು, ಕೈ ಮೇಲೆತ್ತಿ, ಬಗ್ಗಿ ನೋಡಬೇಕು. ಎದೆಯ ಗುಂಡಿಗಳ ನಡುವೆ ಬಾಯಿ ಬಿಟ್ಟರೆ ಒಂದು ಅಳತೆ ದೊಡ್ಡದು ತೆಗೆದುಕೊಂಡು ಪಕ್ಕೆ ಹಿಡಿಸುವುದು ಮೇಲು.

ಮೈಕಟ್ಟು ಜೀವನಪೂರ್ತಿ ಒಂದೇ ಇರುವುದಿಲ್ಲ ಎಂಬುದನ್ನು ಹಣ್ಣಿನ ಪಟ್ಟಿಗಳು ಮರೆಯುತ್ತವೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಈಸ್ಟ್ರೊಜೆನ್ ಹಾರ್ಮೋನು ಇಳಿದಂತೆ ತೊಡೆ, ಪೃಷ್ಠದ ಕಡೆ ಸೇರುತ್ತಿದ್ದ ಕೊಬ್ಬು ಹೊಟ್ಟೆಯತ್ತ ಸರಿಯುತ್ತದೆ. ಇಪ್ಪತ್ತೈದರಲ್ಲಿ ಪಿಯರ್ ಆಗಿದ್ದವಳು ಐವತ್ತೈದರಲ್ಲಿ ಸೇಬಾಗುತ್ತಾಳೆ. ಬಸಿರು, ಬಾಣಂತನ, ಥೈರಾಯ್ಡ್ ಮಾತ್ರೆ, ಎಲ್ಲವೂ ಬ್ಲೌಸಿನ ಮೇಲೆ ತಮ್ಮ ಗುರುತು ಬಿಟ್ಟು ಹೋಗುತ್ತವೆ. ತೆಳ್ಳಗಾದ ಮೇಲೆ ಹಾಕಿಕೊಳ್ಳೋಣವೆಂದು ಬೀರುವಿನಲ್ಲಿ ಇಟ್ಟ ಬ್ಲೌಸುಗಳು ಎಷ್ಟು ಮನೆಯಲ್ಲಿ ಇಲ್ಲ!

ಹೀಗೆ ಬದಲಾಗುವ ಮೈ ಅಳತೆಗೆ ಹಳೆಯ ಟೈಲರುಗಳ ಬಳಿ ಉಪಾಯವಿತ್ತು. ಪಕ್ಕೆಯ ಹೊಲಿಗೆಯ ಒಳಗೆ ಒಂದೊಂದು ಇಂಚು ಬಟ್ಟೆ ಬಿಟ್ಟು, ಹೊಲಿಗೆಯ ಪಕ್ಕದಲ್ಲೇ ಇನ್ನೆರಡು ಸಾಲು ಹೊಲಿಗೆ ಹಾಕಿಡುತ್ತಿದ್ದರು. ಒಂದು ಸಾಲು ಬಿಚ್ಚಿ ಅರ್ಧ ಇಂಚು ಹೊರಗೆ ಬಿಟ್ಟರೂ ಮುಂದೆ ಹಿಂದೆ ಎರಡು ಪದರ, ಎಡ ಬಲ ಎರಡು ಪಕ್ಕೆ ಸೇರಿ ಬ್ಲೌಸು ಎರಡು ಇಂಚು ಸಡಿಲವಾಗುತ್ತದೆ. ಈಗ ಬಹಳ ಕಡೆ ಬಟ್ಟೆಯನ್ನು ಅಂಚಿನವರೆಗೂ ಕತ್ತರಿಸಿ ಓವರ್‌ಲಾಕ್ ಹೊಡೆದು ಕೊಡುತ್ತಾರೆ. ನೋಡಲು ಒಳಗೆ ನೀಟು, ಬಿಚ್ಚಲು ಏನೂ ಉಳಿದಿರುವುದಿಲ್ಲ. ದುಬಾರಿ ರೇಷ್ಮೆಯ ಬ್ಲೌಸ್ ಪೀಸ್ ಕೊಡುವಾಗ, ಲೈನಿಂಗಿಗೂ ಸೇರಿಸಿ, “ಪಕ್ಕದಲ್ಲಿ ಬಟ್ಟೆ ಬಿಡಿ, ಕತ್ತರಿಸಬೇಡಿ” ಎಂದು ಬಾಯಲ್ಲಿ ಹೇಳಿದರೆ ಸಾಲದು, ರಸೀದಿಯ ಮೇಲೆ ಬರೆಸಿಯೇ ಬರಬೇಕು.